‘ಬಗ್ಗೆ’ ಬಿಡಿ, ವಿಷಯ ಹೇಳಿ: ಇಮೇಲ್‌ಗೆ ಸಬ್ಜೆಕ್ಟ್ ಬರೆಯುವ ಸಮಗ್ರ ಮಾರ್ಗದರ್ಶಿ

ನಮ್ಮ ಅತ್ತೆ ತೀರ್ಥಹಳ್ಳಿ ಕಡೆ ಹೋಮ್‌ಸ್ಟೇ ನಡೆಸುತ್ತಾರೆ. ನಾಲ್ಕು ರೂಮು, ಹಿಂದೆ ಅಡಿಕೆ ತೋಟ. ಎರಡು ವರ್ಷದ ಹಿಂದಿನ ಆಷಾಢದ ಮಾತು. ಮೂರು ದಿನದಿಂದ ಕರೆಂಟ್ ಇರಲಿಲ್ಲ. ಟವರ್ ಒಮ್ಮೆ ಬರುತ್ತಿತ್ತು, ಒಮ್ಮೆ ಹೋಗುತ್ತಿತ್ತು. ಶನಿವಾರಕ್ಕೆ ಬೆಂಗಳೂರಿನಿಂದ ಹನ್ನೊಂದು ಜನ ಬರುವವರಿದ್ದರು. ಗುರುವಾರ ಸಂಜೆ ಅತ್ತೆಯ ಫೋನಿಗೆ ಅವರಿಂದ ಒಂದು ಮೇಲ್ ಬಂತು. ಮೇಲೆ ಕಂಡಿದ್ದು ಮೂರೇ ಪದ: ‘ನಮ್ಮ ಬುಕಿಂಗ್ ಬಗ್ಗೆ’. ಒತ್ತಿದರೆ ಚಕ್ರ ತಿರುಗುತ್ತಲೇ ಇತ್ತು, ತೆರೆಯಲಿಲ್ಲ. ಎಷ್ಟು ಗಂಟೆಗೆ ಬರುತ್ತೇವೆ ಅಂತ ಬರೆದಿರಬೇಕು ಅಂದುಕೊಂಡು ಅತ್ತೆ ಕೆಲಸಕ್ಕೆ ಇಳಿದರು.

ಕಳಲೆ (ಎಳೆ ಬಿದಿರು) ಹೆಚ್ಚಿ ನೀರಿಗೆ ಹಾಕಿದರು. ಕೋಳಿಗೆ ಹೇಳಿದರು. ಶನಿವಾರ ಬೆಳಗ್ಗೆ ಬೇಗ ಎದ್ದು ಕಡುಬಿಗೆ ಹಿಟ್ಟು ತೊಳಸಿದರು. ಮಧ್ಯಾಹ್ನ ಎರಡಾದರೂ ಯಾರೂ ಇಲ್ಲ. ಮನೆ ಹಿಂದಿನ ಗುಡ್ಡ ಹತ್ತಿ, ಸಿಗ್ನಲ್ ಸಿಗುವ ಜಾಗದಲ್ಲಿ ಛತ್ರಿ ಹಿಡಿದು ನಿಂತಾಗ ಮೇಲ್ ತೆರೆಯಿತು. ಮಳೆ ಜಾಸ್ತಿ ಅಂತ ಸುದ್ದಿ ನೋಡಿದೆವು, ಚಿಕ್ಕ ಮಕ್ಕಳಿದ್ದಾರೆ, ಈ ಸಲ ಬರುವುದಿಲ್ಲ, ಕ್ಷಮಿಸಿ.

ಅವರು ತಪ್ಪೇನೂ ಮಾಡಿರಲಿಲ್ಲ. ಎರಡು ದಿನ ಮೊದಲೇ, ಮರ್ಯಾದೆಯಿಂದಲೇ ತಿಳಿಸಿದ್ದರು. ಆದರೆ ಹೇಳಬೇಕಾದ ಮಾತು ಮೇಲ್ ಒಳಗಿತ್ತು, ಹೊರಗೆ ಇರಲಿಲ್ಲ. ಆವತ್ತು ಸಂಜೆ ಅತ್ತೆ ನನ್ನ ಹತ್ತಿರ ಕೇಳಿದ್ದು ಇಷ್ಟೇ: “ಬಗ್ಗೆ ಅಂದ್ರೆ ಎಂತ ಅಂತ ತಿಳ್ಕೊಳ್ಳೂದೋ?”

ನಾನು ಸಾಗರದಲ್ಲಿ ಒಂದು ಸಣ್ಣ ಟೈಪಿಂಗ್ ಮತ್ತು ಆನ್‌ಲೈನ್ ಅರ್ಜಿ ಅಂಗಡಿ ಇಟ್ಟುಕೊಂಡಿದ್ದೇನೆ. ಅಡಿಕೆ ಬೆಳೆಗಾರರು, ಕಾಲೇಜು ಮಕ್ಕಳು, ಹೋಮ್‌ಸ್ಟೇಯವರು, ಸಂಘದ ಕಾರ್ಯದರ್ಶಿಗಳು ಬರುತ್ತಾರೆ. ದಿನಾ ಅವರ ಪರವಾಗಿ ಮೇಲ್ ಬರೆಯುತ್ತೇನೆ. ಅತ್ತೆಯ ಆ ಪ್ರಶ್ನೆ ಕೇಳಿದ ಮೇಲೆ ನಾನು ಸಬ್ಜೆಕ್ಟ್ ಬರೆಯುವ ರೀತಿಯನ್ನೇ ಬದಲಾಯಿಸಿದೆ. ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ

ಮೇಲ್ ಓದಿದವರು ಏನು ಮಾಡಬೇಕು?

ಇದಕ್ಕೆ ಉತ್ತರ ಗೊತ್ತಿಲ್ಲದೆ ಸಬ್ಜೆಕ್ಟ್ ಬರೆಯಲು ಆಗುವುದಿಲ್ಲ. ‘ನಮಸ್ಕಾರ’, ‘ಒಂದು ವಿಚಾರ’, ‘ಮುಖ್ಯ ಮಾಹಿತಿ’ ಅಂತೆಲ್ಲ ಬರೆಯುವುದು ಈ ಪ್ರಶ್ನೆ ಕೇಳಿಕೊಳ್ಳದೇ ಇದ್ದಾಗ. ನಿಮಗೆ ಒಪ್ಪಿಗೆ ಬೇಕಾ? ಹಣ ಬರಬೇಕಾ? ಸುಮ್ನೆ ತಿಳಿದಿರಲಿ ಅಂತ ಕಳಿಸುತ್ತಿದ್ದೀರಾ? ಏನನ್ನಾದರೂ ನಿಲ್ಲಿಸಬೇಕಾ? ಉತ್ತರ ಒಂದೇ ಪದದಲ್ಲಿ ಬರಬೇಕು. ನಾನು ಮತ್ತೆ ಮತ್ತೆ ಬಳಸುವ ಪದಗಳು ಹತ್ತು ಕೂಡ ಇಲ್ಲ: ರದ್ದು, ಬದಲಾವಣೆ, ಒಪ್ಪಿಗೆ ಬೇಕು, ಸಲಹೆ ಬೇಕು, ಬಾಕಿ ಹಣ, ಅರ್ಜಿ, ದೂರು, ಮಾಹಿತಿಗೆ. ಇವು ಅಂಗಡಿಯ ಗೋಡೆ ಮೇಲೆ ಒಂದು ಚೀಟಿಯಲ್ಲಿ ಬರೆದು ಅಂಟಿಸಿವೆ. ಬಂದವರು ಕಥೆ ಪೂರ್ತಿ ಹೇಳಲಿ, ಕೇಳುತ್ತೇನೆ. ಆಮೇಲೆ ಚೀಟಿ ತೋರಿಸಿ “ಇದರಲ್ಲಿ ಯಾವುದು?” ಅನ್ನುತ್ತೇನೆ. ಹೆಚ್ಚಿನವರು ತಕ್ಷಣ ಬೆರಳಿಟ್ಟು ತೋರಿಸುತ್ತಾರೆ.

ಎರಡು ಪದಕ್ಕೆ ಬೆರಳಿಟ್ಟರೆ? ಆಗ ಅದು ಎರಡು ಮೇಲ್. ಬಾಕಿ ಹಣವನ್ನೂ ಕೇಳಿ, ಮುಂದಿನ ತಿಂಗಳ ಆರ್ಡರ್‌ಗೆ ಒಪ್ಪಿಗೆಯನ್ನೂ ಕೇಳಿದರೆ ಸಾಮಾನ್ಯವಾಗಿ ಒಂದಕ್ಕೇ ಉತ್ತರ ಬರುತ್ತದೆ. ಅದೂ ಸುಲಭದ್ದಕ್ಕೆ.

ಕನ್ನಡದಲ್ಲಿ ಮುಖ್ಯ ಮಾತು ಕೊನೆಗೆ ಬರುತ್ತದೆ, ಫೋನು ಕೊನೆಯನ್ನೇ ಕತ್ತರಿಸುತ್ತದೆ

ಇದು ಈ ಇಡೀ ಬರಹದಲ್ಲಿ ನಾನು ಹೇಳಬೇಕಾದ ದೊಡ್ಡ ವಿಷಯ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಕೂರುತ್ತದೆ. ಬಂದರು, ಬರಲಿಲ್ಲ, ಬೇಕು, ಬೇಡ, ರದ್ದು ಮಾಡಿ, ಕಳಿಸಿಕೊಡಿ, ಎಲ್ಲಾ ಕೊನೆಯಲ್ಲೇ. ಎದುರಿಗೆ ಕೂತು ಮಾತಾಡುವಾಗ ಇದರಿಂದ ಏನೂ ತೊಂದರೆ ಇಲ್ಲ, ಕೇಳುವವರು ಕೊನೆಯವರೆಗೂ ಕೇಳುತ್ತಾರೆ. ಫೋನಿನ ಮೇಲ್ ಪಟ್ಟಿಯಲ್ಲಿ ಹಾಗಲ್ಲ. ಒಂದು ಸಾಲಿಗೆ ಹಿಡಿಸಿದಷ್ಟು ತೋರಿಸಿ, ಉಳಿದದ್ದನ್ನು ಮೂರು ಚುಕ್ಕಿ ಹಾಕಿ ಮುಚ್ಚಿಬಿಡುತ್ತದೆ. ಈಗ ಇದನ್ನು ನೋಡಿ:

‘ಜುಲೈ 20ನೇ ತಾರೀಕು ಶನಿವಾರ ನಾವು ಹನ್ನೊಂದು ಜನಕ್ಕೆ ಮಾಡಿದ್ದ ಬುಕಿಂಗನ್ನು ರದ್ದು ಮಾಡಿ’

ಫೋನಿನಲ್ಲಿ ಕಾಣುವುದು:

‘ಜುಲೈ 20ನೇ ತಾರೀಕು ಶನಿವಾರ ನಾವು ಹನ್ನೊಂ…’

ನೋಡಿದವರಿಗೆ ಏನು ಅನಿಸುತ್ತದೆ? ಬರುತ್ತಿದ್ದಾರೆ ಅಂತಲೇ ಅಲ್ವಾ? ವಾಕ್ಯ ಸರಿಯಾಗಿದೆ, ವ್ಯಾಕರಣ ಸರಿಯಾಗಿದೆ, ಆದರೂ ಅರ್ಥ ತಲೆಕೆಳಗಾಯಿತು. ಇಂಗ್ಲಿಷ್‌ನವರಿಗೆ ಈ ತೊಂದರೆ ಕಡಿಮೆ, ಅವರ ಆಜ್ಞೆಯ ಮಾತು ವಾಕ್ಯದ ಮೊದಲಿಗೇ ಬರುತ್ತದೆ. ಅವರಿಗಾಗಿ ಬರೆದ ಸಲಹೆಗಳನ್ನು ನಾವು ಹಾಗೇ ತಂದುಕೊಂಡರೆ ಸಾಲದು. ನಮ್ಮ ಭಾಷೆಗೆ ಬೇಕಾದ ಉಪಾಯ ಬೇರೆ.

ಉಪಾಯ ಸರಳ. ಸಬ್ಜೆಕ್ಟನ್ನು ವಾಕ್ಯವಾಗಿ ಬರೆಯಬೇಡಿ. ಕೊನೆಗೆ ಬರುವ ಆ ಒಂದು ಪದವನ್ನು ಎತ್ತಿ ಮೊದಲಿಗೆ ಇಡಿ, ಎರಡು ಚುಕ್ಕಿ ಹಾಕಿ, ಆಮೇಲೆ ಉಳಿದದ್ದು ಬರೆಯಿರಿ:

‘ರದ್ದು: ಬುಕಿಂಗ್ ಜುಲೈ 20 ಶನಿವಾರ, 11 ಜನ’

ಎಲ್ಲಿ ಕತ್ತರಿಸಿದರೂ ‘ರದ್ದು’ ಉಳಿಯುತ್ತದೆ. ‘ಅನ್ನು’, ‘ಇಗೆ’, ‘ಇಂದ’ ಅನ್ನುವ ಪ್ರತ್ಯಯಗಳನ್ನೂ ಇಲ್ಲಿ ಧೈರ್ಯವಾಗಿ ಬಿಡಬಹುದು. ಅಂಗಡಿ ಬೋರ್ಡಿನಲ್ಲಿ, ಬಸ್ಸಿನ ಹಣೆಯಲ್ಲಿ ಯಾರೂ ಪೂರ್ತಿ ವಾಕ್ಯ ಬರೆಯುವುದಿಲ್ಲ. ‘ಹೊಸನಗರ – ರಿಪ್ಪನ್‌ಪೇಟೆ – ಶಿವಮೊಗ್ಗ’ ಅಂತ ಇದ್ದರೆ ಸಾಕು, ಕೈ ಅಡ್ಡ ಹಾಕಬೇಕೋ ಬೇಡವೋ ನಮಗೆ ತಿಳಿಯುತ್ತದೆ.

ನಮ್ಮ ಹಿರಿಯರಿಗೆ ಇದು ಹೊಸದಲ್ಲ. ಟೆಲಿಗ್ರಾಂ ಇದ್ದ ಕಾಲದಲ್ಲಿ ಪದಕ್ಕೆ ಇಷ್ಟು ಅಂತ ದುಡ್ಡು ಕೊಡಬೇಕಿತ್ತು. ‘ತಂದೆ ಸೀರಿಯಸ್ ಕೂಡಲೇ ಹೊರಡು’ ಅಂತ ನಾಲ್ಕು ಪದದಲ್ಲಿ ಯಾರು, ಏನಾಗಿದೆ, ಏನು ಮಾಡಬೇಕು ಎಲ್ಲವೂ ಇರುತ್ತಿತ್ತು. 2013ರ ಜುಲೈನಲ್ಲಿ ಆ ಸೇವೆ ನಿಂತುಹೋಯಿತು. ಅದು ಕಲಿಸಿದ ಕೈಹಿಡಿತ ಮಾತ್ರ ಸಬ್ಜೆಕ್ಟ್ ಸಾಲಿಗೆ ಈಗಲೂ ಸರಿಯಾಗಿ ಹೊಂದುತ್ತದೆ.

‘ಹೀಗೆ ಬರೆದರೆ ಒರಟು ಅನಿಸಲ್ವಾ?’ ಅಂತ ತುಂಬಾ ಜನ ಕೇಳುತ್ತಾರೆ, ಅದರಲ್ಲೂ ವಯಸ್ಸಾದವರು. ಅವರ ಅಳುಕು ನನಗೆ ಅರ್ಥವಾಗುತ್ತದೆ. ಮರ್ಯಾದೆಯ ಮಾತೆಲ್ಲ ಮೇಲ್ ಒಳಗೆ ಇರಲಿ, ಎಷ್ಟು ಬೇಕಾದರೂ ಇರಲಿ. ಸಬ್ಜೆಕ್ಟಿನಲ್ಲಿ ಓದುವವರ ಸಮಯ ಉಳಿಸುವುದೇ ಮರ್ಯಾದೆ. ಮನಸ್ಸು ಒಪ್ಪದಿದ್ದರೆ ‘ಕೋರಿಕೆ:’ ಅಂತ ಶುರು ಮಾಡಿ. ವಿನಯವೂ ಬಂತು, ಏನೋ ಕೇಳುತ್ತಿದ್ದೀರಿ ಅನ್ನುವುದೂ ತಿಳಿಯಿತು.

ಗುರುತು ಹಾಕಿ

ಮೊದಲ ಪದ ಆಯಿತು. ಎರಡು ಚುಕ್ಕಿಯ ಆಚೆಗೆ ಏನು ಬರೆಯಬೇಕು? ಇದೇ ತರಹದ ನೂರು ಮೇಲ್ ನಡುವೆ ನಿಮ್ಮದು ಯಾವುದು ಅಂತ ಹೇಳುವ ಗುರುತು. ದನಕ್ಕೆ ಗಂಟೆ ಕಟ್ಟುವುದು ಯಾಕೆ? ಬ್ಯಾಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಎಷ್ಟೇ ದನ ಮೇಯುತ್ತಿದ್ದರೂ ಸದ್ದಿನ ಮೇಲೆ ನಮ್ಮದು ಯಾವುದು ಅಂತ ತಿಳಿಯಲಿ ಅಂತ. ಹಾಗೆ.

ಜಮೀನಿನ ವಿಷಯವಾದರೆ ಸರ್ವೆ ನಂಬರ್, ಊರು. ವಿದ್ಯಾರ್ಥಿಯಾದರೆ ರಿಜಿಸ್ಟರ್ ನಂಬರ್, ಸೆಮಿಸ್ಟರ್. ಬಿಲ್ಲಾದರೆ ಬಿಲ್ ನಂಬರ್, ಮೊತ್ತ. ಅಡಿಕೆಯಾದರೆ ಯಾವ ಮಾಲು, ಎಷ್ಟು ಕ್ವಿಂಟಾಲ್. ‘ಅಡಿಕೆ ರೇಟ್ ಬಗ್ಗೆ’ ಅಂತ ಬರೆದರೆ ವ್ಯಾಪಾರಿ ಏನು ಹೇಳಬೇಕು? ಶಿವಮೊಗ್ಗ ಮಾರುಕಟ್ಟೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಬೇರೆ ಬೇರೆ ಮಾಲು, ಒಂದೊಂದಕ್ಕೆ ಒಂದೊಂದು ದರ. ‘ದರ ತಿಳಿಸಿ: ರಾಶಿ 12 ಕ್ವಿಂಟಾಲ್, ಸಾಗರದಿಂದ’ ಅಂದರೆ ಅವರು ಮೇಲ್ ತೆರೆಯುವ ಮೊದಲೇ ಮನಸ್ಸಿನಲ್ಲಿ ಲೆಕ್ಕ ಹಾಕಿರುತ್ತಾರೆ.

ತಾರೀಕಿಗೆ ಎರಡು ಎಚ್ಚರಿಕೆ. ‘ನಾಳೆ’, ‘ಈ ವಾರ’ ಅಂತ ಬರೆಯಲೇಬೇಡಿ. ನೀವು ಬರೆದ ‘ನಾಳೆ’ ಅವರು ಓದುವಾಗ ‘ನಿನ್ನೆ’ ಆಗಿರಬಹುದು, ನಮ್ಮ ಕಡೆ ಮಳೆಗಾಲದಲ್ಲಂತೂ ಇದು ಖಂಡಿತ ಆಗುತ್ತದೆ. ಇನ್ನೊಂದು, ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ. 03-04 ಅಂದರೆ ನಮಗೆ ಏಪ್ರಿಲ್ 3, ಅಮೆರಿಕದಲ್ಲಿ ಕೂತವರಿಗೆ ಮಾರ್ಚ್ 4. ನಮ್ಮೂರಿನ ಎಷ್ಟು ಮನೆಯ ಮಕ್ಕಳು ಅಲ್ಲಿದ್ದಾರೆ ಅಂತ ನಿಮಗೇ ಗೊತ್ತು. ಸಾಧ್ಯವಾದರೆ ವಾರವನ್ನೂ ಸೇರಿಸಿ. ತಾರೀಕು ತಪ್ಪಾಗಿ ಟೈಪ್ ಆಗಿದ್ದರೆ ವಾರ ಹೊಂದುವುದಿಲ್ಲ, ಓದುವವರು ತಕ್ಷಣ ಕೇಳುತ್ತಾರೆ.

ಒಂದು ಸಾಲು ಹೇಗೆ ಬದಲಾಯಿತು

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಹೊಸನಗರ ಕಡೆಯ ಬೆಳೆಗಾರರೊಬ್ಬರು ಬಂದರು. ಫೋನಿನಲ್ಲಿ ಅಡಿಕೆ ಸೋಗೆಯ (ಗರಿಯ) ನಾಲ್ಕು ಫೋಟೋ. ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ವಿಜ್ಞಾನಿಯೊಬ್ಬರಿಗೆ ಮೇಲ್ ಮಾಡಬೇಕಿತ್ತು. ಮೇಲ್ ಅವರೇ ಬರೆದುಕೊಂಡು ಬಂದಿದ್ದರು, ಚೆನ್ನಾಗಿಯೇ ಇತ್ತು. ಸಬ್ಜೆಕ್ಟ್ ಜಾಗದಲ್ಲಿ ‘ಅಡಿಕೆ ರೋಗದ ಬಗ್ಗೆ’.

“ಇದನ್ನ ಸ್ವಲ್ಪ ಬದಲಾಯಿಸೋಣ್ವಾ?” ಅಂದೆ.

“ನೀವೇ ಎಂತಾದ್ರೂ ಹಾಕಿ ಮಾರಾಯ್ರೆ, ಒಳಗೆ ಎಲ್ಲಾ ಇದ್ಯಲ್ಲ” ಅಂದರು.

ಎಲ್ಲಾ ಒಳಗಿತ್ತು, ನಿಜ. ನಾನು ಒಂದೊಂದೇ ಕೇಳಿದೆ. ಯಾವ ರೋಗ? ಎಲೆಚುಕ್ಕಿ ಇರಬೇಕು ಅಂದರು. ಇಲ್ಲಿ ‘ರೋಗ’ ಅನ್ನುವ ಪದ ಹೋಗಿ ‘ಎಲೆಚುಕ್ಕಿ’ ಬಂತು. ಇದು ಸಣ್ಣ ಬದಲಾವಣೆ ಅಲ್ಲ. ಕೊಳೆರೋಗ ಕಾಯಿ ಉದುರಿಸುತ್ತದೆ, ಎಲೆಚುಕ್ಕಿ ಸೋಗೆ ಒಣಗಿಸುತ್ತದೆ. ಎರಡೂ ಬೇರೆ ಬೇರೆ ರೋಗಾಣುವಿನಿಂದ ಬರುವಂಥವು. ಬರೀ ‘ರೋಗ’ ಅಂದರೆ ಇದು ತನ್ನ ಕೆಲಸವೋ ಪಕ್ಕದ ಮೇಜಿನವರದ್ದೋ ಅಂತ ಆ ವಿಜ್ಞಾನಿಗೆ ತಿಳಿಯುವುದಿಲ್ಲ. ಆಮೇಲೆ ಕೇಳಿದೆ, ಅವರಿಂದ ನಿಮಗೆ ಬೇಕಾಗಿರುವುದು ಏನು? ಬಂದು ನೋಡಬೇಕಾ, ಔಷಧಿ ಹೇಳಿದರೆ ಸಾಕಾ? ಸದ್ಯಕ್ಕೆ ಸಲಹೆ ಸಾಕು ಅಂದರು. ‘ಸಲಹೆ ಬೇಕು’ ಮೊದಲಿಗೆ ಕೂತಿತು. ತೋಟ ಎಷ್ಟು ವರ್ಷದ್ದು? ಆರು. ಮೇಲ್ ಜೊತೆ ಏನಿದೆ? ನಾಲ್ಕು ಫೋಟೋ. ಊರು ಹೇಗೂ ಗೊತ್ತಿತ್ತು.

‘ಸಲಹೆ ಬೇಕು: ಅಡಿಕೆ ಎಲೆಚುಕ್ಕಿ, ಹೊಸನಗರ, 6 ವರ್ಷದ ತೋಟ, 4 ಫೋಟೋ ಇದೆ’

ಅವರು ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು. “ಈಗ ಒಳಗೆ ಬರೆದಿದ್ದು ಜಾಸ್ತಿ ಆಯ್ತೇನೋ” ಅಂದರು. ಹೌದು, ಸಬ್ಜೆಕ್ಟ್ ಸರಿಯಾದರೆ ಒಳಗಿನ ಮೇಲ್ ತಾನಾಗಿಯೇ ಸಣ್ಣದಾಗುತ್ತದೆ. ಎರಡು ಪ್ಯಾರಾ ಕಡಿಮೆ ಮಾಡಿ ಕಳಿಸಿದೆವು. ಫೋಟೋ ಫೈಲುಗಳ ಹೆಸರನ್ನೂ ‘ಎಲೆಚುಕ್ಕಿ-ಹೊಸನಗರ-1’ ಅಂತ ಬದಲಾಯಿಸಿದೆ. ಆ ವಿಜ್ಞಾನಿ ಅದನ್ನು ಇಳಿಸಿಕೊಂಡ ಮೇಲೆ ಮೇಲ್ ಒಂದು ಕಡೆ, ಫೋಟೋ ಒಂದು ಕಡೆ ಆಗುತ್ತದೆ. ಆಗಲೂ ಗುರುತು ಇರಬೇಕಲ್ಲ.

ಎಷ್ಟು ಉದ್ದ ಇರಬೇಕು

ಮೇಲ್ ಕಳಿಸುವ ತಾಂತ್ರಿಕ ನಿಯಮದಲ್ಲಿ ಒಂದು ಸಾಲು 78 ಅಕ್ಷರದ ಒಳಗೆ ಇದ್ದರೆ ಒಳ್ಳೆಯದು, 998 ದಾಟಲೇಬಾರದು ಅಂತ ಇದೆ. ಉದ್ದದ ಸಬ್ಜೆಕ್ಟನ್ನು ಮೇಲ್ ಸಾಫ್ಟ್‌ವೇರೇ ಮಡಚಿ ಕಳಿಸುತ್ತದೆ, ಹಾಗಾಗಿ ಅದು ನಿಮ್ಮ ತಲೆನೋವಲ್ಲ. ನೀವು ನೋಡಬೇಕಾದ್ದು ಫೋನಿನಲ್ಲಿ ಎಷ್ಟು ಕಾಣುತ್ತದೆ ಅನ್ನುವುದನ್ನು. ಅದಕ್ಕೆ ಒಂದೇ ಅಳತೆ ಇಲ್ಲ. ಫೋನು, ಅಕ್ಷರದ ಗಾತ್ರ, ಆ್ಯಪ್, ಎಲ್ಲದರ ಮೇಲೂ ಹೋಗುತ್ತದೆ. ಕಣ್ಣು ಮಂಜಾದವರು ಅಕ್ಷರ ದೊಡ್ಡದು ಮಾಡಿಕೊಂಡಿರುತ್ತಾರೆ, ಅವರಿಗೆ ಇನ್ನೂ ಕಡಿಮೆ ಕಾಣುತ್ತದೆ. ನಿಮಗೆ ನೀವೇ ಒಂದು ಮೇಲ್ ಕಳಿಸಿ ನೋಡಿ, ಎರಡು ನಿಮಿಷದ ಕೆಲಸ. ಎಲ್ಲಿ ಕತ್ತರಿಸಿತು ಅಂತ ಕಣ್ಣಾರೆ ಕಂಡರೆ ಮರೆಯುವುದಿಲ್ಲ. ನಾನು ಇಟ್ಟುಕೊಂಡ ಲೆಕ್ಕ: ಮೊದಲ ನಾಲ್ಕು ಪದದಲ್ಲಿ ಮುಖ್ಯ ಮಾತು ಮುಗಿಯಬೇಕು. ಆಮೇಲಿನದ್ದು ಕಂಡರೆ ಲಾಭ, ಕಾಣದಿದ್ದರೆ ನಷ್ಟ ಇಲ್ಲ.

ಸಬ್ಜೆಕ್ಟಿನ ಕೆಳಗೆ ಮೇಲ್‌ನ ಮೊದಲ ಸಾಲೂ ಸ್ವಲ್ಪ ಕಾಣುತ್ತದೆ. ಅಲ್ಲಿ ನಾವು ಏನು ಬರೆಯುತ್ತೇವೆ? ‘ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’. ಇಷ್ಟಕ್ಕೇ ಜಾಗ ಮುಗಿಯಿತು. ‘ಮಾನ್ಯರೇ’ ಸಾಕು, ಮುಂದಿನ ಪದದಿಂದ ವಿಷಯ ಶುರುವಾಗಲಿ.

ತೀರಾ ಸಣ್ಣ ಮಾತಾದರೆ ಇಡೀ ಮೇಲನ್ನು ಸಬ್ಜೆಕ್ಟಿನಲ್ಲೇ ಮುಗಿಸಬಹುದು. ‘ಹಣ ತಲುಪಿತು, ಬಿಲ್ 214, ಧನ್ಯವಾದ. ಇಷ್ಟೇ.’ ಆ ‘ಇಷ್ಟೇ’ ಇದ್ದರೆ ತೆರೆದು ನೋಡುವ ಅಗತ್ಯವಿಲ್ಲ ಅಂತ ಅವರಿಗೆ ತಿಳಿಯುತ್ತದೆ.

ಕನ್ನಡದಲ್ಲಿ ಬರೆಯಲೋ ಇಂಗ್ಲಿಷ್‌ನಲ್ಲೋ

ಓದುವವರ ಭಾಷೆಯಲ್ಲಿ. ಕನ್ನಡದವರಿಗೆ ಕನ್ನಡದಲ್ಲಿ ಬರೆಯಿರಿ, ಅಂಜಬೇಡಿ. ಸಬ್ಜೆಕ್ಟಿನಲ್ಲಿ ಇಂಗ್ಲಿಷ್ ಅಲ್ಲದ ಲಿಪಿ ಕಳಿಸುವ ನಿಯಮ 1990ರ ದಶಕದಿಂದಲೇ ಇದೆ, ಈಗಿನ ಮೇಲ್ ಆ್ಯಪ್‌ಗಳು ಸರಿಯಾಗಿಯೇ ತೋರಿಸುತ್ತವೆ.

ಆದರೆ ನಮ್ಮ ಕಡೆ ಒಂದು ತೊಂದರೆ ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ಅರ್ಜಿಯನ್ನು ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿರುತ್ತಾರೆ. ಅದರಿಂದ ‘ವಿಷಯ’ದ ಸಾಲನ್ನು ಕಾಪಿ ಮಾಡಿ ಸಬ್ಜೆಕ್ಟಿಗೆ ಅಂಟಿಸುತ್ತಾರೆ. ಅಂಟಿಸಿದ ಕೂಡಲೇ ಅದು ಕೊಂಬು ಬಾಲ ಇರುವ ಇಂಗ್ಲಿಷ್ ಅಕ್ಷರಗಳ ಗೊಂಚಲಾಗಿ ಬದಲಾಗುತ್ತದೆ. ಕಾರಣ ಇಷ್ಟು: ಹಳೆಯ ನುಡಿ ಫಾಂಟಿನಲ್ಲಿ ಕಂಪ್ಯೂಟರ್ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಫಾಂಟು ಅದಕ್ಕೆ ಕನ್ನಡದ ವೇಷ ಹಾಕಿರುತ್ತದೆ ಅಷ್ಟೇ. ಸಬ್ಜೆಕ್ಟ್ ಜಾಗದಲ್ಲಿ ಫಾಂಟ್ ಆರಿಸಲು ಬರುವುದಿಲ್ಲ, ವೇಷ ಕಳಚಿ ಬೀಳುತ್ತದೆ. ಹಾಗಾಗಿ ಯೂನಿಕೋಡ್‌ಗೆ (ಕನ್ನಡ ಅಕ್ಷರಗಳಿಗೇ ಸ್ವಂತ ಸಂಕೇತ ಇರುವ ವ್ಯವಸ್ಥೆಗೆ) ಪರಿವರ್ತಿಸಿ ಅಂಟಿಸಿ, ಇಲ್ಲ ಆ ಒಂದು ಸಾಲನ್ನು ಹೊಸದಾಗಿ ಟೈಪ್ ಮಾಡಿ. ಎರಡನೆಯದೇ ಬೇಗ ಆಗುತ್ತದೆ.

ಇನ್ನೊಂದು ಮಾತು ಹುಡುಕುವುದಕ್ಕೆ ಸಂಬಂಧಿಸಿದ್ದು. ಒಂದು ಸಲ ‘ಅಡಿಕೆ’ ಅಂತ ಕನ್ನಡದಲ್ಲಿ, ಇನ್ನೊಂದು ಸಲ ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ, ಮತ್ತೊಂದು ಸಲ ಇಂಗ್ಲಿಷ್ ಹೆಸರಿನಲ್ಲಿ ಬರೆದರೆ ಆರು ತಿಂಗಳ ನಂತರ ಹುಡುಕುವಾಗ ಮೂರರಲ್ಲಿ ಒಂದು ಮಾತ್ರ ಸಿಗಬಹುದು. ಒಂದು ಕೆಲಸಕ್ಕೆ ಒಂದೇ ಪದ, ಒಂದೇ ಲಿಪಿ ಅಂತ ಇಟ್ಟುಕೊಳ್ಳಿ. ಬಿಲ್ ನಂಬರ್, ಸರ್ವೆ ನಂಬರ್‌ಗಳನ್ನೂ ಪ್ರತಿ ಸಲ ಒಂದೇ ರೀತಿ ಬರೆಯಿರಿ. ಅಂಕಿಗೆ ಭಾಷೆಯ ಹಂಗಿಲ್ಲ, ಹುಡುಕಲು ಅದೇ ಹೆಚ್ಚು ನಂಬಿಕಸ್ಥ.

ಸರ್ಕಾರಿ ಕಚೇರಿಗೆ ಬರೆಯುವಾಗ

ಕಾಗದದ ಅರ್ಜಿಯಲ್ಲಿ ‘ವಿಷಯ’ ಅಂತ ಬರೆದು ಎರಡು ಮೂರು ಸಾಲು ಎಳೆಯುವುದು ನಮಗೆಲ್ಲ ಶಾಲೆಯಿಂದ ಬಂದ ಅಭ್ಯಾಸ. ‘ಸಾಗರ ತಾಲ್ಲೂಕಿನ ಇಂಥ ಹೋಬಳಿಯ ಇಂಥ ಗ್ರಾಮದ ಸರ್ವೆ ನಂಬರ್ ಇಷ್ಟರ ಜಮೀನಿನ ಪಹಣಿಯಲ್ಲಿ ಹೆಸರು ತಪ್ಪಾಗಿ ನಮೂದಾಗಿರುವುದನ್ನು ಸರಿಪಡಿಸಿಕೊಡುವಂತೆ ಕೋರಿ.’ ಕಾಗದದಲ್ಲಿ ಇದು ತಪ್ಪಲ್ಲ, ಇಡೀ ಹಾಳೆ ಕಣ್ಣೆದುರೇ ಇರುತ್ತದೆ. ಮೇಲ್‌ನಲ್ಲಿ ‘ಸಾಗರ ತಾಲ್ಲೂಕಿನ ಇಂಥ ಹೋ…’ ಅಂತ ನಿಲ್ಲುತ್ತದೆ.

ನಾನು ಎರಡನ್ನೂ ಉಳಿಸಿಕೊಳ್ಳುತ್ತೇನೆ. ಸಬ್ಜೆಕ್ಟಿನಲ್ಲಿ ‘ಪಹಣಿ ಹೆಸರು ತಿದ್ದುಪಡಿ ಕೋರಿಕೆ: ಸ.ನಂ. 45/2’, ಆಮೇಲೆ ಗ್ರಾಮದ ಹೆಸರು. ಮೇಲ್ ಒಳಗೆ, ಕಾಗದದಲ್ಲಿ ಬರೆಯುವ ಹಾಗೆಯೇ ‘ವಿಷಯ’ ಮತ್ತು ‘ಉಲ್ಲೇಖ’ ಎರಡನ್ನೂ ಪೂರ್ತಿ ಬರೆಯುತ್ತೇನೆ. ಗುಮಾಸ್ತರು ಪ್ರಿಂಟ್ ತೆಗೆದು ಫೈಲಿಗೆ ಹಾಕುತ್ತಾರೆ, ಅವರಿಗೆ ಆ ರೂಪವೇ ಬೇಕು. ಹಿಂದೆ ಅವರಿಂದ ಬಂದ ಪತ್ರದ ಸಂಖ್ಯೆ ಇದ್ದರೆ ಅದನ್ನು ಸಬ್ಜೆಕ್ಟಿನ ಕೊನೆಗೂ ಸೇರಿಸಿ. ನಿಮ್ಮ ಹೆಸರಿಗಿಂತ ಆ ಸಂಖ್ಯೆಯಿಂದಲೇ ನಿಮ್ಮ ಫೈಲು ಬೇಗ ಸಿಗುತ್ತದೆ.

ಕೆಲಸದ ಅರ್ಜಿಗೂ ಇದೇ ಕ್ರಮ. ‘ಅರ್ಜಿ: ಅಕೌಂಟೆಂಟ್ ಹುದ್ದೆ, ಬಿಕಾಂ, 3 ವರ್ಷ ಅನುಭವ, ಭದ್ರಾವತಿ’. ಕೊನೆಗೆ ನಿಮ್ಮ ಹೆಸರು. ಜಾಹೀರಾತಿನಲ್ಲಿ ‘ಸಬ್ಜೆಕ್ಟಿನಲ್ಲಿ ಹೀಗೇ ಬರೆಯಿರಿ’ ಅಂತ ಕೊಟ್ಟಿದ್ದರೆ ನನ್ನ ಸಲಹೆ ಬಿಟ್ಟು ಅದನ್ನೇ ಅಕ್ಷರಶಃ ಹಾಕಿ.

ಉತ್ತರಕ್ಕೆ ಉತ್ತರ ಕೊಡುವಾಗ

ಇಲ್ಲಿ ನನ್ನಿಂದಲೇ ಒಂದು ತಪ್ಪಾಗಿದೆ. ಒಂದು ಸಂಘದ ಪರವಾಗಿ ಪ್ರಿಂಟಿಂಗ್ ಪ್ರೆಸ್ಸಿನವರ ಜೊತೆ ‘ಆಮಂತ್ರಣ ಪತ್ರಿಕೆ: 300 ಪ್ರತಿ’ ಅಂತ ಮೇಲ್ ಶುರು ಮಾಡಿದ್ದೆ. ಹತ್ತಾರು ಉತ್ತರ ಆದ ಮೇಲೆ ಅದೇ ಮೇಲ್‌ನಲ್ಲಿ ಬ್ಯಾನರ್ ವಿಷಯ ಬಂತು, ಆಮೇಲೆ ಕಾರ್ಯಕ್ರಮದ ತಾರೀಕೇ ಬದಲಾಯಿತು. ಹೊಸ ತಾರೀಕನ್ನು ಅದೇ ಸಬ್ಜೆಕ್ಟಿನ ಕೆಳಗೆ ಬರೆದು ಕಳಿಸಿದೆ. ಅವರು ಅದನ್ನು ಹಳೆಯ ಮಾತುಕತೆಯ ಬಾಲ ಅಂದುಕೊಂಡರು. ಪತ್ರಿಕೆ ಹಳೆಯ ತಾರೀಕಿನಲ್ಲೇ ಅಚ್ಚಾಗಿ ಬಂತು. ಮುನ್ನೂರಕ್ಕೂ ಚೀಟಿ ಅಂಟಿಸಿ ತಿದ್ದಿದೆವು, ರಾತ್ರಿ ಹನ್ನೊಂದರವರೆಗೆ, ಐದು ಜನ ಕೂತು. ಆ ತಪ್ಪು ನನ್ನದೇ.

ಮಾತು ಬದಲಾದರೆ ಸಬ್ಜೆಕ್ಟ್ ಬದಲಾಯಿಸಿ. ಜಿಮೇಲ್‌ನಲ್ಲಿ ಕಂಪ್ಯೂಟರಿನಿಂದ ಉತ್ತರ ಬರೆಯುವಾಗ, ಬರೆಯುವ ಪೆಟ್ಟಿಗೆಯ ಎಡ ಮೇಲ್ತುದಿಯಲ್ಲಿ ಸಣ್ಣ ಬಾಣ ಇರುತ್ತದೆ, ಅದನ್ನು ಒತ್ತಿದರೆ ‘ಎಡಿಟ್ ಸಬ್ಜೆಕ್ಟ್’ ಸಿಗುತ್ತದೆ. ಸಬ್ಜೆಕ್ಟ್ ಬದಲಾದ ಕೂಡಲೇ ಜಿಮೇಲ್ ಅದನ್ನು ಬೇರೆ ಮಾತುಕತೆಯಾಗಿ ಪ್ರತ್ಯೇಕ ಸಾಲಿನಲ್ಲಿ ತೋರಿಸುತ್ತದೆ, ಅಷ್ಟೇ ಸಾಕು ಕಣ್ಣಿಗೆ ಬೀಳಲು. ‘ತಾರೀಕು ಬದಲಾವಣೆ: ಆಮಂತ್ರಣ ಪತ್ರಿಕೆ, ಅಚ್ಚು ನಿಲ್ಲಿಸಿ’ ಅಂತ ಆವತ್ತು ಬರೆದಿದ್ದರೆ ಸಾಕಿತ್ತು.

ಮಾತು ಅದೇ ಇದ್ದರೆ ಸುಮ್ನೆ ಬದಲಾಯಿಸಬೇಡಿ, ಎಳೆ ಕಡಿದುಹೋಗುತ್ತದೆ. ಉತ್ತರದ ಸಬ್ಜೆಕ್ಟಿನ ಮುಂದೆ ತಾನಾಗಿ ಸೇರುವ ‘ರಿ’ (Re:) ಲ್ಯಾಟಿನ್‌ನಿಂದ ಬಂದದ್ದು, ‘ಈ ವಿಷಯದಲ್ಲಿ’ ಅಂತ ಅರ್ಥ. ಹೊಸ ಮೇಲ್‌ಗೆ ಅದನ್ನು ಕೈಯಾರೆ ಸೇರಿಸಬೇಡಿ. ಹಿಂದೆ ಮಾತಾಗಿದೆ ಅಂತ ನಂಬಿಸಲು ಮೋಸದವರು ಮಾಡುವ ಕೆಲಸ ಅದು. ಫಾರ್ವರ್ಡ್ ಮಾಡುವಾಗಲಂತೂ ಸಬ್ಜೆಕ್ಟಿನ ಮೊದಲಿಗೆ ಇವರಿಗೆ ಯಾಕೆ ಕಳಿಸುತ್ತಿದ್ದೀರಿ ಅಂತ ಒಂದು ಪದ ಸೇರಿಸಲೇಬೇಕು. ನಿಮಗೆ ಬಂದ ಸಬ್ಜೆಕ್ಟ್ ನಿಮಗಾಗಿ ಬರೆದದ್ದು, ಅವರಿಗಾಗಿ ಅಲ್ಲ.

ಬರೆಯಬಾರದ್ದು

ಆಧಾರ್ ನಂಬರ್, ಬ್ಯಾಂಕ್ ಖಾತೆ ನಂಬರ್, ಒಟಿಪಿ, ಯಾರದೋ ಕಾಯಿಲೆಯ ಹೆಸರು. ಸಬ್ಜೆಕ್ಟ್ ಲಾಕ್ ಆದ ಫೋನಿನ ಮೇಲೂ ಕಾಣಿಸಬಹುದು, ಬಸ್ಸಿನಲ್ಲಿ ಪಕ್ಕ ಕೂತವರೂ ಓದಬಹುದು. ‘ಆಸ್ಪತ್ರೆ ದಾಖಲೆ: ನೀವು ಕೇಳಿದ್ದು’ ಅಂದರೆ ಸಾಕು, ಕಾಯಿಲೆಯ ಹೆಸರು ಒಳಗಿರಲಿ. ಸ್ಪಷ್ಟವಾಗಿ ಬರೆಯಬೇಕು ಅಂತ ಇಷ್ಟು ಹೊತ್ತು ಹೇಳಿದವನು ಈ ಒಂದು ಜಾಗದಲ್ಲಿ ಮಾತ್ರ ಮುಚ್ಚಿ ಬರೆಯಿರಿ ಅನ್ನುತ್ತೇನೆ.

‘ತುರ್ತು’ ಅನ್ನುವ ಪದಕ್ಕೆ ಬೆಲೆ ಉಳಿಸಿ. ಅದರ ಪಕ್ಕ ಗಡುವು ಬರೆಯಲು ಆಗದಿದ್ದರೆ ಅದು ತುರ್ತಲ್ಲ. ‘ತುರ್ತು!!!’ ಅಂತ ಬರೆಯುವ ಬದಲು ‘ಸಹಿ ಬೇಕು: ಬುಧವಾರ ಮಾರ್ಚ್ 12 ಸಂಜೆ 5ರ ಒಳಗೆ’ ಅಂತ ಬರೆದು ನೋಡಿ. ಹೆದರಿಸದೆಯೇ ಅವಸರ ತಿಳಿಯುತ್ತದೆ. ‘ಕೂಡಲೇ ಕ್ಲಿಕ್ ಮಾಡಿ’, ‘ಖಾತೆ ಬಂದ್ ಆಗಲಿದೆ’ ಅನ್ನುವ ಧಾಟಿ ಈಗ ಮೋಸದ ಮೇಲ್‌ಗಳ ಸೊತ್ತಾಗಿದೆ. ನಿಮ್ಮ ನಿಜವಾದ ಮೇಲ್ ಕೂಡ ಹಾಗೆ ಕಂಡರೆ ಜನ ಅಳಿಸಿಬಿಡುತ್ತಾರೆ, ಅವರ ತಪ್ಪಲ್ಲ.

ಕಳಿಸುವ ಮೊದಲು, ಕಳಿಸಿದ ಮೇಲೆ

ಸಬ್ಜೆಕ್ಟನ್ನು ಮೇಲ್ ಪೂರ್ತಿ ಬರೆದ ಮೇಲೆ ಬರೆಯಿರಿ, ಅಥವಾ ಮೊದಲು ಬರೆದಿದ್ದರೆ ಕೊನೆಗೆ ಮತ್ತೊಮ್ಮೆ ಓದಿ. ಬರೆಯುತ್ತಾ ಬರೆಯುತ್ತಾ ಮೇಲ್ ಬೇರೆ ಕಡೆ ತಿರುಗಿರುತ್ತದೆ, ಸಬ್ಜೆಕ್ಟ್ ಹಳೆಯ ಜಾಗದಲ್ಲೇ ನಿಂತಿರುತ್ತದೆ. ಪಕ್ಕದಲ್ಲಿ ಯಾರಾದರೂ ಇದ್ದರೆ ಸಬ್ಜೆಕ್ಟ್ ಮಾತ್ರ ಓದಿ ಹೇಳಿ, “ಇದು ಎಂತಕ್ಕೆ ಅಂತ ಗೊತ್ತಾಯ್ತಾ?” ಅಂತ ಕೇಳಿ. ಅಂಗಡಿಗೆ ಜೆರಾಕ್ಸ್ ಮಾಡಿಸಲು ಬಂದವರನ್ನೂ ನಾನು ಕೇಳಿದ್ದಿದೆ.

ಕಳಿಸಿಯಾದ ಮೇಲೆ ತಪ್ಪು ಕಂಡಿತು ಅನ್ನಿ. ಜಿಮೇಲ್‌ನಲ್ಲಿ ‘ಅನ್‌ಡು’ ಒತ್ತಿ ಹಿಂದೆ ತೆಗೆದುಕೊಳ್ಳಬಹುದು, ಆದರೆ ಕೆಲವೇ ಸೆಕೆಂಡು. ಸೆಟ್ಟಿಂಗ್ಸಿಗೆ ಹೋಗಿ ಅದನ್ನು 30 ಸೆಕೆಂಡಿಗೆ ಏರಿಸಿಕೊಳ್ಳಿ, ಅದಕ್ಕಿಂತ ಜಾಸ್ತಿ ಸಿಗುವುದಿಲ್ಲ. ಆ ಹೊತ್ತು ಮೀರಿದ್ದರೆ ಹೊಸ ಮೇಲ್ ಬರೆಯಿರಿ, ‘ತಿದ್ದುಪಡಿ:’ ಅಂತ ಶುರು ಮಾಡಿ ಸರಿಯಾದ ಸಾಲು ಹಾಕಿ, ಹಿಂದಿನದನ್ನು ಬಿಟ್ಟುಬಿಡಿ ಅಂತ ಒಳಗೆ ಒಂದು ಮಾತು ಬರೆಯಿರಿ.

ಅತ್ತೆ ಈಗ ಬುಕಿಂಗ್ ಖಚಿತಪಡಿಸುವ ಪ್ರತಿ ಮೇಲ್‌ನ ಕೊನೆಗೆ ಒಂದು ಸಾಲು ಸೇರಿಸಿದ್ದಾರೆ: ‘ಬರಲು ಆಗದಿದ್ದರೆ ಸಬ್ಜೆಕ್ಟಿನಲ್ಲಿ ಮೊದಲು ರದ್ದು ಅಂತ ಬರೆಯಿರಿ, ಇಲ್ಲಿ ಮಳೆಗಾಲದಲ್ಲಿ ಮೇಲ್ ತೆರೆಯುವುದು ಕಷ್ಟ.’ ಹೋದ ಆಷಾಢದಲ್ಲಿ ಎರಡು ‘ರದ್ದು’ ಬಂದವು. ಎರಡೂ ಸಲ ಕಳಲೆ ಹೆಚ್ಚುವ ಮೊದಲೇ ಗೊತ್ತಾಯಿತು.